ಅಳಿವೆಯಲ್ಲೊಂದು ಮೋಟರ್ ಸದ್ದು

ಮೂರು ಸ್ವಿಚ್ಚುಗಳಲ್ಲಿ ನಡುವಿನದರ ಮೇಲೆ ಕೆಂಪು ನೈಲ್ ಪಾಲಿಶ್‌ನ ಒಂದು ಚುಕ್ಕೆ. ಅಂಚಿನಲ್ಲಿ ಸ್ವಲ್ಪ ಕಿತ್ತುಬಂದಿದೆ, ನಡುವೆ ಇನ್ನೂ ಹೊಳಪಿದೆ. ಉತ್ತರಹಳ್ಳಿಯ ಗೌರಮ್ಮನವರ ಮನೆಯಲ್ಲಿ ಮೆಟ್ಟಿಲ ಕೆಳಗೆ, ಕರೆಂಟ್ ಮೀಟರಿನ ಪಕ್ಕ ಈ ಸ್ವಿಚ್ಚುಗಳಿವೆ. ಕಳೆದ ತಿಂಗಳು ಅವರ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆ. ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದದ್ದು ಕೆಲವು ವರ್ಷಗಳ ಹಿಂದೆ. ಊಟ ಮುಗಿಸಿ ಜನ ಕೈತೊಳೆಯಲು ನಿಂತಿದ್ದಾಗ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ಗೌರಮ್ಮ ಮಗುವನ್ನು ಎತ್ತಿಕೊಂಡೇ ಕೂಗಿದರು.

“ಶಾಲಿನಿ, ಓಡೋಗಿ ಆ ಮೋಟ್ರು ಹಾಕ್ಬಿಡಮ್ಮ. ನಿಂಗೆ ಗೊತ್ತಲ್ಲ ಸ್ವಿಚ್ಚು. ನಮ್ಮೋರು ಹೋದ್ರೆ ಗೇಟ್ ಲೈಟು ಹಾಕಿ ಬರ್ತಾರೆ.”

ಒತ್ತಿದೆ. ಸಂಪಿನ ಪಕ್ಕದ ಗೂಡಿನಿಂದ ‘ಧಕ್’ ಎಂದು ಒಂದು ಸದ್ದು, ಅದರ ಬೆನ್ನಿಗೇ ಎದೆಯಲ್ಲಿ ಕೇಳುವಂಥ ಒಂದು ಗುಂಯ್‌ಗುಡುವಿಕೆ. ಬಾಳೆಲೆ ಎತ್ತುತ್ತಿದ್ದವರು, ಎಲೆಯಡಿಕೆ ತಟ್ಟೆ ಹಿಡಿದವರು ಓಡಾಡುತ್ತಿದ್ದರು. ಅವರ ನಡುವೆ ನಿಂತು ನನಗೆ ನೆನಪಾದದ್ದು ಒಂದು ಸಮುದ್ರ. ಆ ಮನೆಯಲ್ಲಿದ್ದಷ್ಟು ದಿನ ನಾನು ಕಣ್ಣಿಂದ ನೋಡದೆ, ಕಿವಿಯಿಂದ ಮಾತ್ರ ಅರಿತಿದ್ದ ಸಮುದ್ರ.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಒಂದು ಔಷಧ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಆ ವರ್ಷ ಗೊತ್ತಾಗಿದ್ದ ನನ್ನ ಮದುವೆ ನಿಂತುಹೋಗಿತ್ತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಜಯನಗರದ ನಮ್ಮ ಮನೆಗೆ ಬಂದವರೆಲ್ಲ ನನ್ನ ಮುಖ ನೋಡಿ ದನಿ ತಗ್ಗಿಸುತ್ತಿದ್ದರು; ಅದು ಬೇಡವೆನಿಸಿ ಮೇ ತಿಂಗಳಲ್ಲಿ ಉತ್ತರಹಳ್ಳಿಗೆ ಬಂದೆ. ಗೌರಮ್ಮನವರದು ಅಲ್ಲಿಯ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾಗಿ, ಈಗ ಮೂರು ಮನೆಗಳ ಬಾಡಿಗೆ ಬರುತ್ತಿತ್ತು. ಅವರು ಒಂದೇ ಒಂದು ಪ್ರಶ್ನೆ ಕೇಳಿದರು: “ನೀರು ಜಾಸ್ತಿ ಬಿಡ್ತೀಯೇನಮ್ಮ?” ಇಲ್ಲ ಎಂದೆ. ಬೀಗದ ಕೈ ಕೊಟ್ಟರು.

ಅದೇ ವಾರ ಸ್ವಯಂಸೇವಕರು ಬೇಕೆಂಬ ಒಂದು ಸಂದೇಶ ಫೋನಿಗೆ ಬಂತು. ಸಮುದ್ರದ ಮೀನುಗಳ ಬಗ್ಗೆ ಕೆಲಸ ಮಾಡುವ ಒಂದು ಸಣ್ಣ ತಂಡ ಅದು. ಬೇಕಾಗಿದ್ದದ್ದು ಹೆಡ್‌ಫೋನ್ ಮತ್ತು ದಿನಕ್ಕೆ ಸ್ವಲ್ಪ ಬಿಡುವು. ಮಾತಾಡುವ ಅಗತ್ಯವಿಲ್ಲ, ಕೇಳಿದರೆ ಸಾಕು. ಹೆಸರು ಕೊಟ್ಟೆ.

ಕರಾವಳಿಯ ಒಂದು ಅಳಿವೆ, ಅಂದರೆ ಹೊಳೆ ಸಮುದ್ರವನ್ನು ಸೇರುವ ಬಾಗಿಲು. ಅದರ ಒಳಮಗ್ಗುಲಲ್ಲಿ ನೀರಿನಡಿ ಒಂದು ದೊಡ್ಡ ಬಂಡೆ. ಮಳೆಗಾಲದಲ್ಲಿ ಕೆಲವು ಜಾತಿಯ ಮೀನುಗಳು ಸಮುದ್ರದಿಂದ ಅಲ್ಲಿಗೆ ಮೊಟ್ಟೆಯಿಡಲು ಬರುತ್ತವೆ ಎಂಬ ಊಹೆ ಇತ್ತು. ಕಲಕಿದ ನೀರಿನಲ್ಲಿ ಕ್ಯಾಮೆರಾಕ್ಕೆ ಏನೂ ಕಾಣದು. ಆದರೆ ಈ ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲವನ್ನು ಬಡಿದು ಸದ್ದು ಮಾಡುತ್ತವೆ. ಹಾಗಾಗಿ ಬಂಡೆಗೆ ಒಂದು ಶಬ್ದಗ್ರಾಹಿ ಯಂತ್ರವನ್ನು ಕಟ್ಟಿದ್ದರು. ಅದು ಹಗಲೂ ರಾತ್ರಿ ಕೇಳುತ್ತಿತ್ತು. ಆ ಧ್ವನಿಯನ್ನು ಹತ್ತು ಹತ್ತು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಕಲಸಿ, ನಮಗೆ ಹಂಚುತ್ತಿದ್ದರು. ಪ್ರತಿ ತುಂಡಿಗೂ ಐದು ಗುಂಡಿಗಳು: ಮಳೆ, ಸೀಗಡಿ, ಮೀನು, ಎಂಜಿನ್, ಗೊತ್ತಿಲ್ಲ. ಒಂದೊಂದು ತುಂಡನ್ನು ಮೂವರು ಬೇರೆ ಬೇರೆಯಾಗಿ ಕೇಳಬೇಕು. ಮೂವರೂ ಒಂದೇ ಗುಂಡಿ ಒತ್ತಿದರೆ ಅದಕ್ಕೆ ಬೀಗ ಬೀಳುತ್ತಿತ್ತು. ಮತ್ತೆ ಯಾರೂ ತೆರೆಯುತ್ತಿರಲಿಲ್ಲ. ಭಿನ್ನಾಭಿಪ್ರಾಯ ಬಂದದ್ದನ್ನು ಮಾತ್ರ ಎಲ್ಲರೂ ಕೂಡಿ ಕೇಳುತ್ತಿದ್ದೆವು. ಹೀಗೆ ಬೀಗ ಬಿದ್ದವುಗಳಿಂದ ಕಂಪ್ಯೂಟರ್ ಕಲಿತು, ಉಳಿದ ಸಾವಿರಾರು ಗಂಟೆಗಳನ್ನು ತಾನೇ ಗುರುತಿಸಬೇಕಿತ್ತು.

ಕೂಡಿ ಕೇಳುತ್ತಿದ್ದದ್ದು ಶನಿವಾರ, ಜಯನಗರದ ಮೂರ್ತಿ ಸರ್ ಮನೆಯ ಹಾಲ್‌ನಲ್ಲಿ. ಅವರು ದೂರವಾಣಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು, ನಮ್ಮ ಗುಂಪಿನ ಮೇಲ್ವಿಚಾರಕರು. ಎಂಟು ಹತ್ತು ಜನ ಬರುತ್ತಿದ್ದೆವು: ಬನಶಂಕರಿಯ ಇಬ್ಬರು ಕಾಲೇಜು ಹುಡುಗಿಯರು, ಜೆ.ಪಿ. ನಗರದ ದಂಪತಿ, ಬಿಟಿಎಂ ಲೇಔಟಿನ ಜಿಮ್ ಒಂದರಲ್ಲಿ ತರಬೇತಿ ಕೊಡುತ್ತಿದ್ದ ಕಿರಣ, ಹೀಗೆ. ಮೊದಲ ಶನಿವಾರ ಮೂರ್ತಿ ಸರ್ ಸೀಗಡಿಯ ಸದ್ದು ಕೇಳಿಸಿದರು. ಒಂದು ಜಾತಿಯ ಸೀಗಡಿ ತನ್ನ ಇಕ್ಕಳದಂಥ ಮುಂಗಾಲನ್ನು ಪಟ್ಟನೆ ಮುಚ್ಚಿ ಮಾಡುವ ಸದ್ದು ಅದು. ಬಂಡೆಯ ತುಂಬ ಅವೇ. ಅಡುಗೆಮನೆಯಿಂದ ಅವರ ಹೆಂಡತಿ ಇಣುಕಿ, “ಒಗ್ಗರಣೆ ಯಾರು ಇಟ್ಟಿದ್ದು?” ಎಂದರು. ನಿಜವಾಗಿಯೂ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆಯೇ ಇತ್ತು. ಆಮೇಲೆ ಮೀನು. ಬೇರೆ ಯಾವುದೋ ಸಮುದ್ರದಲ್ಲಿ ಹಿಡಿದ ಮಾದರಿ: ಒಂಟಿ ಮೀನು, ಬಾಗಿಲು ತಟ್ಟಿದಂತೆ ಟಕ್ ಟಕ್ ಟಕ್. ಹೀಗಿದ್ದರೆ ಮೀನು ಎಂದು ಒತ್ತಿ ಎಂದರು.

ಮೂರನೆಯ ತುಂಡು ಹಾಕಿದಾಗ ಕಿರಣ ಕುರ್ಚಿಯಿಂದ ಎದ್ದೇಬಿಟ್ಟ.

“ಇದು ನಮ್ ಪಿಜಿ ಮೋಟ್ರು ಗುರು! ಗ್ಯಾರಂಟಿ. ಸಂಜೆ ಆರೂವರೆಗೆ ಹಾಕ್ತಾರೆ, ಮಂಚ ಎಲ್ಲಾ ನಡುಗುತ್ತೆ.”

ಎಲ್ಲರೂ ನಕ್ಕೆವು. ಬನಶಂಕರಿಯ ಹುಡುಗಿಯೊಬ್ಬಳು, “ನಮ್ಮನೇದೂ ಸೇಮ್ ಟು ಸೇಮ್” ಎಂದಳು. ನನಗೂ ಹಾಗೇ ಕೇಳಿಸಿತು. ಹುಟ್ಟಿದಂದಿನಿಂದ ಕೇಳಿದ ಸದ್ದು ಅದು. ಬೆಂಗಳೂರಿನ ದಕ್ಷಿಣಕ್ಕೆ ಸಂಜೆಯಾಯಿತು ಎಂದು ಗೊತ್ತಾಗುವುದೇ ಸಂಪಿನ ಮೋಟರುಗಳಿಂದ.

“ದೋಣಿಯ ಎಂಜಿನ್ ಇರ್ಬೇಕು,” ಎಂದರು ಮೂರ್ತಿ ಸರ್. ಅಲ್ಲಿಂದ ಮುಂದೆ ಆ ಸದ್ದು ಯಾರ ಪಾಲಿಗೆ ಬಂದರೂ ಎಂಜಿನ್ ಎಂದೇ ಒತ್ತಿದೆವು. ಅದರ ಬಗ್ಗೆ ಒಂದು ಸಲವೂ ಭಿನ್ನಾಭಿಪ್ರಾಯ ಬರಲಿಲ್ಲ.

ಯಂತ್ರದ ಗಡಿಯಾರ ಸರಿಯಾಗಿದೆಯೇ ಎಂದು ನೋಡುವ ಕೆಲಸ ನನಗೆ ಬಂತು. ಅದಕ್ಕಾಗಿ ವಾರಕ್ಕೊಮ್ಮೆ ವನಿತಾ ಜೊತೆ ಫೋನಿನಲ್ಲಿ ಮಾತಾಡಬೇಕಿತ್ತು. ವನಿತಾ ಅಳಿವೆಯ ದಂಡೆಯ ಮೀನುಗಾರರ ಮನೆಯ ಹುಡುಗಿ, ನನ್ನದೇ ವಯಸ್ಸು. ತಂಡದ ಪರವಾಗಿ ಅಲ್ಲಿ ಇದ್ದವಳು ಅವಳೊಬ್ಬಳೇ. ಮಳೆ ಬಿಟ್ಟ ದಿನ ನೋಡಿ ಅವಳ ಅಣ್ಣ ದೋಣಿ ಬಿಡುತ್ತಿದ್ದ. ಅವಳು ಬ್ಯಾಟರಿ ಬದಲಿಸಿ, ಧ್ವನಿ ತುಂಬಿದ ಕಾರ್ಡನ್ನು ತರುತ್ತಿದ್ದಳು. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ಹೇಗೂ ನಿಷೇಧ. ಸಣ್ಣ ದೋಣಿಯವರು ಹೊಳೆಬಾಯಿಯಲ್ಲಿ ಬಲೆ ಬಿಡಬಹುದು. ಆ ಸಣ್ಣ ದೋಣಿಯವರನ್ನು ವನಿತಾ ಬೇಸಿಗೆಯಿಡೀ ಮನೆಮನೆಗೆ ಹೋಗಿ ಒಪ್ಪಿಸಿದ್ದಳು: ಈ ಒಂದು ಮಳೆಗಾಲ ಬಂಡೆಯ ಹತ್ತಿರ ಯಾರೂ ಹೋಗಬಾರದು, ಯಂತ್ರಕ್ಕೆ ಏನು ಕೇಳಿಸಿತು ಎಂಬುದನ್ನು ಎಲ್ಲರಿಗೂ ಬಿಚ್ಚಿ ತೋರಿಸುತ್ತೇನೆ, ಮೀನು ಮೊಟ್ಟೆಯಿಡಲು ಬರುತ್ತದೆ ಎಂದಾದರೆ ಮುಂದೆಯೂ ಆ ಜಾಗ ಬಿಡೋಣ.

ಜೂನ್ ಹೀಗೇ ಕಳೆಯಿತು. ಉತ್ತರಹಳ್ಳಿಯಲ್ಲಿ ಮಧ್ಯಾಹ್ನ ಮೋಡ ಕವಿದು, ಸಂಜೆ ಒಂದಿಷ್ಟು ಹನಿ ಬಿದ್ದು, ರಸ್ತೆ ಒದ್ದೆಯಾಗುವಷ್ಟರಲ್ಲಿ ನಿಲ್ಲುತ್ತಿತ್ತು. ಹೆಡ್‌ಫೋನಿನಲ್ಲಿ ಮಾತ್ರ ಸುರಿಯುವ ಮಳೆ. ಕಂಪನಿಯ ಕೆಲಸ ಮುಗಿಸಿ ಕಿಟಕಿಯ ಹತ್ತಿರ ಕೂತು ಕೇಳುತ್ತಿದ್ದೆ. ಕೆಳಗೆ ಗೌರಮ್ಮ ಹೂ ಕಟ್ಟುತ್ತ, ಹೋಗಿಬರುವವರನ್ನು ಮಾತಾಡಿಸುತ್ತಿದ್ದರು. ಒಮ್ಮೆ ಮೇಲೆ ಬಂದು ಬಾಗಿಲಲ್ಲಿ ನಿಂತರು.

“ದಿನಾ ಏನಮ್ಮ ಕೇಳ್ತೀಯ ಅದ್ರಲ್ಲಿ? ಭಜನೆನಾ?”

“ಇಲ್ಲ ಆಂಟಿ, ಮೀನು.”

“ಮೀನು ಮಾತಾಡ್ತಾವಾ?”

“ಸದ್ದು ಮಾಡ್ತಾವೆ.”

“ಹೂಂ. ಕೇಳಮ್ಮ, ಕೇಳು. ಮನುಷ್ಯರ ಮಾತು ಕೇಳೋದಕ್ಕಿಂತ ವಾಸಿ,” ಎಂದು ಇಳಿದುಹೋದರು. ನಿಂತುಹೋದ ಮದುವೆಯ ಸುದ್ದಿ ಅವರಿಗೆ ಹೇಗೋ ತಲುಪಿದೆ ಎಂದು ನನಗೆ ಆಗ ಗೊತ್ತಾಯಿತು.

ಜುಲೈ ನಡುವಿಗೆ ಕಂಪ್ಯೂಟರ್ ತನ್ನ ಮೊದಲ ವರದಿ ಕೊಟ್ಟಿತು. ಮೀನು: ಅಲ್ಲೊಂದು ಇಲ್ಲೊಂದು. ಎಂಜಿನ್: ಪ್ರತಿ ಸಂಜೆ, ಕತ್ತಲಾಗುವ ಹೊತ್ತಿಗೆ, ತಪ್ಪದೆ. ಮೂರ್ತಿ ಸರ್ ಅದನ್ನು ವನಿತಾಗೆ ಕಳಿಸಿ, ದಯವಿಟ್ಟು ವಿಚಾರಿಸಿ ಎಂದು ಬರೆದರು. ಬಿಚ್ಚಿ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದವಳು ಅದನ್ನು ಊರಿನವರಿಗೆ ತೋರಿಸಿದಳು.

ಮರುದಿನ ಬೆಳಿಗ್ಗೆ ಅವಳ ಫೋನ್ ಬಂತು.

“ಶಾಲಿನಿ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಆ ಎಂಜಿನ್ ಅಂತ ಹಾಕಿದ್ದು ನೀವು ಕೇಳಿ ಹಾಕಿದ್ದಾ, ಇಲ್ಲಾ ಕಂಪ್ಯೂಟರ್ ಹೇಳಿದ್ದಾ?”

“ಮೊದ್ಲು ನಾವು ಕೇಳಿದ್ವಿ. ನಮ್ಮಿಂದ ಅದು ಕಲೀತು.”

“ಹಾಗಾದ್ರೆ ಅದೂ ನೀವೇ ಅಲ್ವಾ. ಆ ಬಂಡೆ ಹತ್ರ ಹೋಗ್ಲಿಕ್ಕೆ ಬಿಟ್ಟದ್ದು ಅಣ್ಣನ ದೋಣಿ ಒಂದನ್ನೇ. ಈಗ ಎಲ್ರೂ ಹೇಳೂದು, ತಂಗಿ ಬ್ಯಾಟರಿ ನೆಪ ಮಾಡಿ ಅಣ್ಣನ ಬಲೆಗೆ ದಾರಿ ಮಾಡಿ ಕೊಟ್ಲು ಅಂತ. ಭಾನುವಾರ ಮೀಟಿಂಗ್ ಉಂಟು. ಅಣ್ಣ ಹೋಗಿದ್ದಾನೆ ಅಂತಾದ್ರೆ ಮಾತುಕತೆ ಎಲ್ಲ ಅಲ್ಲಿಗೆ ಮುಗೀತು. ಸೋಮವಾರ ಇಡೀ ಊರೇ ಬಂಡೆ ಮೇಲೆ ಬಲೆ ಹಾಕ್ತದೆ.”

“ನಿಮ್ಮಣ್ಣ ಏನಂತಾರೆ?”

“ಅವ ಎಂತ ಹೇಳೂದು? ಸಂಜೆ ಹೊತ್ತು ಅವ ಮನೇಲೇ ಇರ್ತಾನೆ, ನಾನೇ ನೋಡಿದ್ದೇನೆ. ಆದ್ರೆ ತಂಗಿ ಸಾಕ್ಷಿ ಯಾರಿಗೆ ಬೇಕು? ನಿನ್ನೆಯಿಂದ ಅವ ಊಟಕ್ಕೆ ಕೂರ್ಲಿಲ್ಲ. ನಾನು ಕಟ್ಟಿದ ಮೆಷಿನ್ನೇ ನನ್ನ ಅಣ್ಣನ ಮೇಲೆ ದೂರು ಹೇಳಿತು ಮಾರಾಯ್ರೆ.”

ಫೋನ್ ಇಟ್ಟ ಮೇಲೆ ಎಂಜಿನ್ ಎಂದು ಬೀಗ ಬಿದ್ದ ತುಂಡುಗಳನ್ನು ತೆಗೆದು ಸಂಜೆಯವರೆಗೂ ಕೇಳಿದೆ. ಯಾವುದನ್ನು ಕೇಳಿದರೂ ಮೋಟರೇ. ಹತ್ತು ಸೆಕೆಂಡು ಒಂದೇ ಸಮನೆ ಗುಂಯ್‌ಗುಟ್ಟಿ ಮುಗಿಯುತ್ತಿತ್ತು. ಅವಳ ಅಣ್ಣ ಸುಳ್ಳು ಹೇಳುತ್ತಿರಬಹುದು ಎಂದೂ ಒಂದು ಕ್ಷಣ ಅನಿಸಿತು. ಅಷ್ಟರಲ್ಲಿ ಕೆಳಗೆ ಗೌರಮ್ಮ ಮೋಟರ್ ಹಾಕಿದರು, ಎದುರು ಮನೆಯವರೂ ಹಾಕಿದರು. ಹೆಡ್‌ಫೋನಿನದು ಯಾವುದು, ಬೀದಿಯದು ಯಾವುದು ಎಂದು ತಿಳಿಯದಾಯಿತು. ತೆಗೆದಿಟ್ಟೆ.

ಕರೆಂಟ್ ಹೋಯಿತು.

ಬೀದಿಯ ಎಲ್ಲ ಮೋಟರುಗಳೂ ಒಮ್ಮೆಲೇ ನಿಂತವು. ಕತ್ತರಿಯಲ್ಲಿ ದಾರ ಕತ್ತರಿಸಿದ ಹಾಗೆ. “ಥೂ, ಅರ್ಧ ಟ್ಯಾಂಕೂ ಆಗಿಲ್ಲ,” ಎಂದರು ಗೌರಮ್ಮ ಕೆಳಗೆ. ಸ್ವಲ್ಪ ಹೊತ್ತಿಗೆ ಕರೆಂಟ್ ಬಂದಾಗ ಅಷ್ಟೂ ಮೋಟರುಗಳು ಒಟ್ಟಿಗೆ ‘ಧಕ್’ ಎಂದು ಎದ್ದವು.

ಅಳಿವೆಯ ಮೋಟರ್ ನಿಲ್ಲುವುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಶುರುವಾಗುವುದನ್ನೂ ಕೇಳಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ. ನಮಗೆ ಸಿಗುತ್ತಿದ್ದದ್ದು ಕತ್ತರಿಸಿ ಕಲಸಿದ ತುಂಡುಗಳು, ಎಲ್ಲವೂ ನಡುವಿನವು.

ಕತ್ತರಿಸದ ಪೂರ್ತಿ ಧ್ವನಿ ಮೂರ್ತಿ ಸರ್ ಮನೆಯ ಹಾರ್ಡ್ ಡಿಸ್ಕಿನಲ್ಲಿತ್ತು. ಮರುದಿನ ಬೆಳಿಗ್ಗೆ ಬನಶಂಕರಿಯಲ್ಲಿ ಬಸ್ ಬದಲಿಸಿ ಅವರ ಮನೆಗೆ ಹೋದೆ. ಅವರು ಗಿಡಗಳಿಗೆ ನೀರು ಹಾಕುತ್ತಿದ್ದರು.

“ಬೀಗ ಬಿದ್ದಿದ್ದನ್ನ ತೆಗೆಯೋ ಪದ್ಧತಿ ಇಲ್ಲಮ್ಮ. ಮೂರು ಜನ ಒಪ್ಪಿದಾರೆ. ಒಬ್ರಿಗೆ ಅನುಮಾನ ಬಂತು ಅಂತ ತೆಗೆದ್ರೆ ನಾಳೆ ಇನ್ನೊಬ್ರು ಬರ್ತಾರೆ.”

“ತೆಗೆಯೋದು ಬೇಡ ಸರ್. ಪೂರ್ತಿ ಸಂಜೆ ಒಂದ್ಸಲ ಕೇಳ್ಬೇಕು ಅಷ್ಟೆ.”

ಅವರು ಪೈಪನ್ನು ನೆಲಕ್ಕೆ ಹಾಕಿ ನನ್ನತ್ತ ನೋಡಿದರು. ಆರು ವಾರಗಳಲ್ಲಿ ನಾನು ಅವರಿಗೆ ಹೇಳಿದ ಅತಿ ಉದ್ದದ ಮಾತು ಅದೇ ಇರಬೇಕು. ಒಳಗೆ ಹೋಗಿ ಡಿಸ್ಕ್ ತಂದುಕೊಟ್ಟರು.

ಮನೆಗೆ ಬಂದು ಕೇಳಿದೆ. ಹಗಲಿಡೀ ಸಾಸಿವೆ ಸಿಡಿಯುವ ಸದ್ದು. ಸಂಜೆಯ ಹೊತ್ತಿಗೆ, ಎಲ್ಲೋ ದೂರದಲ್ಲಿ, ಬಾಗಿಲು ತಟ್ಟಿದಂತೆ ಟಕ್ ಟಕ್. ಮತ್ತೆ ಮೌನ. ಇನ್ನೊಂದು ಕಡೆಯಿಂದ ಟಕ್. ಎರಡು ಸೇರಿದವು. ಆಮೇಲೆ ನಾಲ್ಕೈದು. ಒಂದರ ಮೇಲೊಂದು ಬಿದ್ದು, ಬಿಡಿ ತಟ್ಟುಗಳ ನಡುವಿನ ಸಂದು ತುಂಬುತ್ತ ಹೋಗಿ, ಯಾವಾಗಲೋ ಅದು ಮೋಟರ್ ಆಗಿಬಿಟ್ಟಿತ್ತು. ಹಿಂದಕ್ಕೆ ಹೋಗಿ ಕೇಳಿದೆ. ಎಲ್ಲಿ ಆಯಿತು ಎಂದು ಬೆರಳಿಟ್ಟು ತೋರಿಸಲಾಗಲಿಲ್ಲ. ಮುಗಿಯುವಾಗಲೂ ಹಾಗೆಯೇ, ತೆಳುವಾಗಿ ತೆಳುವಾಗಿ, ಕೊನೆಗೆ ಒಂದೇ ಒಂದು ಮೀನು ಟಕ್ ಎಂದು ಸುಮ್ಮನಾಯಿತು. ಇನ್ನೂ ಕೆಲವು ಸಂಜೆಗಳನ್ನು ಹಾಕಿದೆ. ಎಲ್ಲವೂ ಹಾಗೆಯೇ ಇದ್ದವು.

ಗೊತ್ತಾದದ್ದನ್ನು ಎಂಟು ಹತ್ತು ಜನರ ಮುಂದೆ ಹೇಳಬೇಕಿತ್ತು. ಎದ್ದು ನಿಂತು ವಿವರಿಸುವುದು ನನಗೆ ಬೇಡವಾಗಿತ್ತು. ಜನರ ಗುಂಪಿನ ಮುಂದೆ ವಿವರಣೆ ಕೊಟ್ಟು ಸಾಕಾಗಿ ಬಂದವಳು ನಾನು. ಮಾತಿಲ್ಲದೆ ಹೇಗೆ ಹೇಳಬಹುದು ಎಂದು ಯೋಚಿಸಿ, ಗೌರಮ್ಮನವರ ಮೋಟರನ್ನು ಕಿಟಕಿಯಿಂದ ಫೋನಿನಲ್ಲಿ ಹಿಡಿದುಕೊಂಡೆ.

ಶನಿವಾರ ಹಾಲ್‌ನಲ್ಲಿ ಎಲ್ಲರೂ ಕೂತ ಮೇಲೆ ಹೇಳಿದೆ: “ಎರಡು ಸದ್ದು ಹಾಕ್ತೀನಿ. ದಯವಿಟ್ಟು ಕಣ್ಣು ಮುಚ್ಕೊಳ್ಳಿ. ಮೋಟರ್ ಶುರುವಾಯ್ತು ಅನ್ಸಿದಾಗ ಕೈ ಎತ್ತಿ.”

“ಏನ್ ಮೇಡಂ, ಯೋಗ ಕ್ಲಾಸಾ?” ಎಂದ ಕಿರಣ. ಆದರೂ ಕಣ್ಣು ಮುಚ್ಚಿದ.

ಮೊದಲು ಉತ್ತರಹಳ್ಳಿಯದು ಹಾಕಿದೆ. ‘ಧಕ್’. ಅಷ್ಟೂ ಕೈಗಳು ಒಟ್ಟಿಗೆ ಮೇಲೆದ್ದವು. ಇಳಿಸಲು ಹೇಳಿ ಅಳಿವೆಯದು ಹಾಕಿದೆ. ಸ್ವಲ್ಪ ಹೊತ್ತು ಯಾವ ಕೈಯೂ ಏಳಲಿಲ್ಲ. ಆಮೇಲೆ ಬನಶಂಕರಿಯ ಹುಡುಗಿಯ ಕೈ ಅರ್ಧ ಎದ್ದು ಇಳಿಯಿತು. ಜೆ.ಪಿ. ನಗರದ ಗಂಡ ಎತ್ತಿದರು. ಹೆಂಡತಿ ಎತ್ತಿದ್ದು ಎಷ್ಟೋ ಹೊತ್ತಿನ ಮೇಲೆ. ಕಿರಣ ಎತ್ತಿ, ಇಳಿಸಿ, ಮತ್ತೆ ಎತ್ತಿದ. ಮೂರ್ತಿ ಸರ್ ಕೊನೆಯವರೆಗೂ ಎತ್ತಲೇ ಇಲ್ಲ. ಅವರು ಕಣ್ಣು ಬಿಟ್ಟು, ಬೇರೆ ಬೇರೆ ಎತ್ತರದಲ್ಲಿ ನಿಂತಿದ್ದ ಆ ಕೈಗಳನ್ನು ನೋಡುತ್ತಿದ್ದರು.

“ಕಣ್ಣು ಬಿಡಿ ಎಲ್ಲಾ,” ಎಂದರು.

ಎಲ್ಲರೂ ಒಬ್ಬರ ಕೈ ಒಬ್ಬರು ನೋಡಿಕೊಂಡರು. ಧ್ವನಿ ಇನ್ನೂ ನಡೆಯುತ್ತಿತ್ತು.

ಮೊದಲು ಮಾತಾಡಿದವನು ಕಿರಣ. “ಅಯ್ಯೋ. ನಾವೆಲ್ಲಾ ಸೇರ್ಕೊಂಡು ಮೀನಿಗೆ ಎಂಜಿನ್ ಕೂರಿಸ್ಬಿಟ್ಟಿದೀವಲ್ಲ ಗುರು.”

ಯಾರೂ ಜೋರಾಗಿ ನಗಲಿಲ್ಲ. ಮೂರ್ತಿ ಸರ್ ಕನ್ನಡಕ ಒರೆಸಿಕೊಂಡು, ಲ್ಯಾಪ್‌ಟಾಪ್ ಎಳೆದುಕೊಂಡು ಆ ಬೀಗಗಳನ್ನೆಲ್ಲ ತೆಗೆಯತೊಡಗಿದರು. ಆ ಕೆಲಸ ಮಾಡುತ್ತಲೇ ಕೇಳಿದರು: “ಆ ಹುಡುಗೀಗೆ ಯಾರು ಫೋನ್ ಮಾಡ್ತೀರ? ನಾನು ಮಾಡ್ಲಾ?”

“ನಾನು ಮಾಡ್ತೀನಿ ಸರ್,” ಎಂದೆ.

ವನಿತಾ ಎಲ್ಲವನ್ನೂ ಕೇಳಿ, “ಎರಡೂ ಸದ್ದು ಕಳ್ಸಿ,” ಎಂದಳು. “ನಿಮ್ಮ ಮನೆ ಮೋಟರಿಂದೂ ಕಳ್ಸಿ.”

ಭಾನುವಾರ ಇಡೀ ದಿನ ನಾನು ಯಾವ ಕೆಲಸವನ್ನೂ ಮಾಡಲಿಲ್ಲ. ಬಟ್ಟೆ ಒಗೆದೆ, ಒಣಗಿದ್ದನ್ನು ಮಡಿಸಿದೆ. ಸಂಜೆ ಅವಳ ಫೋನ್ ಬಂತು.

“ಬಲೆ ಶೆಡ್ಡಿನಲ್ಲಿ ಸ್ಪೀಕರ್ ಇಟ್ಟು ಹಾಕಿದೆ. ಕಣ್ಣು ಮುಚ್ಚಿ ಅಂದ್ರೆ ಅರ್ಧ ಜನ ಮುಚ್ಚಲೇ ಇಲ್ಲ. ಆದ್ರೆ ಕೇಳಿದ್ರು. ಎರಡು ಸಲ ಹಾಕ್ಲಿಕ್ಕೆ ಹೇಳಿದ್ರು.”

“ಮತ್ತೆ?”

“ಮತ್ತೆ ಎಂತ, ಚೌತಿವರೆಗೆ ಆ ಕಡೆ ಹೋಗೂದು ಬೇಡ ಅಂತ ಆಯ್ತು. ಆಮೇಲೆ ಪುನಃ ಕೂತು ಮಾತಾಡುವ ಅಂದ್ರು. ಅಣ್ಣನ ಹತ್ರ ತಪ್ಪಾಯ್ತು ಅಂತ ಯಾರೂ ಹೇಳ್ಲಿಲ್ಲ. ಪಕ್ಕದ ಮನೆಯವ ಮಾತ್ರ ಎದ್ದು ಹೋಗುವಾಗ ಅವನ ಹೆಗಲ ಮೇಲೆ ಕೈ ಇಟ್ಟು ಹೋದ.”

“ಅಣ್ಣ?”

“ಊಟ ಮಾಡಿದ. ಎರಡು ಸಲ ಅನ್ನ ಹಾಕಿಸ್ಕೊಂಡ.” ಅವಳು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. “ಆದ್ರೆ ಬ್ಯಾಟರಿ ಹಾಕ್ಲಿಕ್ಕೆ ಇನ್ನು ಬೇರೆ ದೋಣಿ ನೋಡು ಅಂದ. ನೋಡ್ಬೇಕು.”

“ನಾವು ಸರಿಯಾಗಿ ಕೇಳ್ತೀವಿ,” ಎಂದೆ.

“ಕೇಳಿ,” ಎಂದಳು ವನಿತಾ. “ಒಂದ್ಸಲ ಬನ್ನಿ ಇಲ್ಲಿಗೆ. ಮೀನು ಇರೂ ಜಾಗ ನೋಡಿಯಾದ್ರೂ ಹೋಗಿ.”

ಆ ರಾತ್ರಿ ಮೂರ್ತಿ ಸರ್ ಗುಂಪಿಗೆ ಒಂದು ಸಂದೇಶ ಹಾಕಿದರು. ಕಂಪ್ಯೂಟರ್ ಮೊದಲಿನಿಂದ ಕಲಿಯಬೇಕು. ಮೀನು ಯಾವುದು ಎಂದು ಕಲಿಸಿದರೆ ಸಾಲದು, ಮೋಟರ್ ಯಾವುದು ಎಂದೂ ಕಲಿಸಬೇಕು. ಪ್ರತಿಯೊಬ್ಬರೂ ತಮ್ಮ ಮನೆಯ ಮೋಟರನ್ನು, ಶುರುವಾಗುವುದರಿಂದ ನಿಲ್ಲುವವರೆಗೆ, ಹಿಡಿದು ಕಳಿಸಬೇಕು. ಕಿರಣ ಅದಕ್ಕೆ ಒಂದು ಮೀನಿನ ಚಿತ್ರ ಕಳಿಸಿದ, ಅಷ್ಟೆ.

ಮರುದಿನ ಬೆಳಿಗ್ಗೆ ಬೇಗ ಎದ್ದು ಕೆಳಗಿಳಿದೆ. ಗೌರಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಮೋಟರ್ ಹಾಕಲೇ ಎಂದು ಕೇಳಿದೆ.

“ಹಾಕಮ್ಮ. ಏನು, ಇವತ್ತು ಮೀನು ಇಲ್ವಾ?”

“ಇವತ್ತು ನಿಮ್ಮ ಮೋಟ್ರು ಕೇಳ್ಬೇಕಂತೆ ಆಂಟಿ. ಕಂಪ್ಯೂಟರಿಗೆ.”

“ನಮ್ಮ ಮೋಟ್ರಾ?” ಅವರು ರಂಗೋಲಿ ಬಿಟ್ಟು ಸೊಂಟ ನೆಟ್ಟಗೆ ಮಾಡಿದರು. “ತಡಿ ತಡಿ, ಸಂಪಲ್ಲಿ ನೀರಿದೆಯಾ ನೋಡ್ತೀನಿ. ಬರೀ ಗಾಳಿ ಎಳ್ದ್ರೆ ಸದ್ದು ಚೆನ್ನಾಗಿ ಬರಲ್ಲ.”

ಮುಚ್ಚಳ ಎತ್ತಿ ನೋಡಿ, ಇದೆ ಎಂದು ಕೈ ತೋರಿಸಿದರು. ಮೆಟ್ಟಿಲ ಕೆಳಗೆ ಹೋಗಿ ಸ್ವಿಚ್ ಒತ್ತಿದೆ. ಗೇಟಿನ ದೀಪ ಹತ್ತಿತು. ಇನ್ನೊಂದು ಒತ್ತಿದೆ, ತಲೆಯ ಮೇಲೆ ಮೆಟ್ಟಿಲಿನ ದೀಪ. ಗೌರಮ್ಮ ಅಲ್ಲಿಂದಲೇ ನಕ್ಕರು. ಮೂರೂ ಸ್ವಿಚ್ಚುಗಳು ಒಂದೇ ಥರ ಇದ್ದವು.

ಎರಡೂ ದೀಪ ಆರಿಸಿ ಮಹಡಿಗೆ ಹೋದೆ. ಮದುವೆಗೆಂದು ಕೊಂಡಿದ್ದ ನೈಲ್ ಪಾಲಿಶ್ ಶೀಶೆಯೊಂದು ಬೀರುವಿನಲ್ಲಿತ್ತು, ತೆರೆದೇ ಇರಲಿಲ್ಲ. ಅದನ್ನು ಕೆಳಗೆ ತಂದು, ಮುಚ್ಚಳ ತಿರುಗಿಸಿ, ನಡುವಿನ ಸ್ವಿಚ್ಚಿನ ಮೇಲೆ ಒಂದು ಚುಕ್ಕೆ ಇಟ್ಟೆ. ಒಣಗುವವರೆಗೆ ಕಾದೆ. ಆಮೇಲೆ ಎಡಗೈಯಲ್ಲಿ ಫೋನ್ ಎತ್ತಿ ಹಿಡಿದು, ಗೌರಮ್ಮನವರಿಗೆ ಮಾತಾಡಬೇಡಿ ಎಂದು ಸನ್ನೆ ಮಾಡಿ, ಒತ್ತಿದೆ.